ಗೇಟಿನೊಳಗಿನ ಕಾನೂನು

ಆ ಕಟ್ಟಡದ ಕಾವಲುಗಾರನನ್ನು ಎಲ್ಲರೂ ಬೀಗಣ್ಣ ಎಂದೇ ಕರೆಯುತ್ತಿದ್ದರು. ಹಿಂದೆ ಲಾರಿ ಓಡಿಸುತ್ತಿದ್ದವನು, ಬೆನ್ನು ಕೈಕೊಟ್ಟ ಮೇಲೆ ಈ ಗೇಟಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಸೋತಿದ್ದು ಬೆನ್ನು ಮಾತ್ರ, ಕೈಯಲ್ಲ. ಸೇರಿದ ಮೊದಲ ವಾರವೇ, 'ಐದೇ ನಿಮಿಷ' ಎಂದು ಅಂಗಳದಲ್ಲಿ ಕಾರು ಬಿಟ್ಟು ಮೂರು ಗಂಟೆ ನಾಪತ್ತೆಯಾಗಿದ್ದವನೊಬ್ಬನ ಮುಂದಿನ ಹಲ್ಲು ಉದುರಿಸಿದ್ದ. ಕಟ್ಟಡದ ಕಮಿಟಿಯವರು ಬೈಯುತ್ತಾರೇನೋ ಎಂದು ಕಾದರೆ, ಅವರು ಚಕ್ರಕ್ಕೆ ಹಾಕುವ ಹಳದಿ ಕಬ್ಬಿಣದ ಬೀಗವೊಂದನ್ನು ತಂದುಕೊಟ್ಟರು!

ಮೇಲೆ ಐದು ಮಹಡಿ ಮನೆಗಳು, ಕೆಳಗೆ ಔಷಧಿ ಅಂಗಡಿ ಮತ್ತು ಕಣ್ಣಿನ ಡಾಕ್ಟರ ಕ್ಲಿನಿಕ್ಕು, ಹಿಂದೆ ಇಪ್ಪತ್ತು ಗಾಡಿ ಹಿಡಿಯುವ ಅಂಗಳ. ಗೇಟಿನ ಮೇಲೆ 'ಖಾಸಗಿ ಜಾಗ, ಹೊರಗಿನ ವಾಹನ ನಿಲ್ಲಿಸಬಾರದು' ಎಂಬ ಬೋರ್ಡು. ಓದುವವರು ಯಾರು? ಓದದವರ ಚಕ್ರಕ್ಕೆ ಬೀಗ ಬೀಳುತ್ತಿತ್ತು. ಬಿಡಿಸಿಕೊಳ್ಳಲು ದುಡ್ಡು ಕೊಡಬೇಕಿರಲಿಲ್ಲ. ಬೀಗಣ್ಣನ ಎದುರು ನಿಂತು 'ತಪ್ಪಾಯ್ತು' ಎಂದು ಬಾಯಿಬಿಟ್ಟು ಹೇಳಿ, ಗಾಡಿ ನಂಬರು ಬರೆದಿಟ್ಟ ಪುಸ್ತಕದಲ್ಲಿ ಅದನ್ನೇ ಬರೆದು ಸಹಿ ಹಾಕಬೇಕಿತ್ತು. ಒಬ್ಬ ಟ್ಯಾಕ್ಸಿಯವನ ಏಟಿಗೆ ಬೀಗಣ್ಣನ ಎಡಗಿವಿ ಕಿವುಡಾಗಿತ್ತು. ಅದನ್ನೂ ಈತ ವ್ಯರ್ಥ ಮಾಡಲಿಲ್ಲ. ಆ ಕಿವಿಯನ್ನೇ ಮುಂದೆ ಮಾಡಿ "ಕೇಳಿಸ್ಲಿಲ್ಲ" ಎನ್ನುತ್ತಾ ಎಲ್ಲರ ಬಾಯಲ್ಲೂ ಎರಡೆರಡು ಸಲ ಹೇಳಿಸುತ್ತಿದ್ದ. ಅಂಥ ಪುಸ್ತಕ ಒಂಬತ್ತು ತುಂಬಿದ್ದವು. ಯಾರಾದರೂ ಪೊಲೀಸರ ಹೆಸರೆತ್ತಿದರೆ, "ಗೇಟಿನಾಚೆ ಅವರ ಕಾನೂನು, ಗೇಟಿನೊಳಗೆ ನಮ್ದು" ಎನ್ನುತ್ತಿದ್ದ.

ಅವನ ಹೆಂಡತಿ ಅದೇ ಅಂಗಳ ಗುಡಿಸುತ್ತಿದ್ದಳು.

"ಊರವರ ಬಾಯಲ್ಲೆಲ್ಲ ತಪ್ಪಾಯ್ತು ಅನ್ನಿಸ್ತೀಯಲ್ಲ, ನಿನ್ನ ಬಾಯಲ್ಲಿ ಒಂದಿನಾದ್ರೂ ಆ ಮಾತು ಬಂದಿದ್ಯಾ?"

"ನಾನ್ಯಾವಾಗ ತಪ್ಪು ಮಾಡ್ದೆ?"

ಇಂಥವನ ಜೊತೆ ಮೂವತ್ತು ವರ್ಷ ಬಾಳಿದವಳು ನಕ್ಕು ಪೊರಕೆ ಎತ್ತಿಕೊಳ್ಳುತ್ತಿದ್ದಳು.

ಕಮಿಟಿಯ ಕಾರ್ಯದರ್ಶಿಗೆ ಒಬ್ಬ ಭಾಮೈದನಿದ್ದ. ವಯಸ್ಸು ಮೂವತ್ತೈದಾದರೂ ಡ್ರೈವಿಂಗ್ ಬರುತ್ತಿರಲಿಲ್ಲ, ಲೈಸೆನ್ಸಿನ ಮಾತಂತೂ ದೂರ. ಭಾವನ ಕಾರಿನಲ್ಲಿ ಅಂಗಳದಲ್ಲೇ ಕಲಿಯಬಹುದಾ ಎಂದು ಅವನು ಕೇಳಿದಾಗ ಬೀಗಣ್ಣ ಎದೆ ಉಬ್ಬಿಸಿ ಹೇಳಿದ್ದ: "ಇದೇನು ರಸ್ತೆನಾ ಸಾರ್, ಲೈಸೆನ್ಸ್ ಕೇಳೋಕೆ? ನಮ್ಮ ಜಾಗ. ನಾನಿದೀನಿ, ಓಡಿಸಿ." ಅಂದಿನಿಂದ ಬೆಳಗ್ಗೆ ಎಂಟಕ್ಕೆ ಅವನೇ ಗೇಟು ಹಾಕಿ, "ಬಲಕ್ಕೆ ಸಾರ್, ಬಲಕ್ಕೆ" ಎಂದು ಕೈಬೀಸಿ ಕಲಿಸುತ್ತಿದ್ದ.

ಅದು ಆರನೆಯ ದಿನ. ಹೆಂಡತಿ ಹಿಂಗೋಡೆಯ ನಲ್ಲಿಯ ಬಳಿ ಬಕೆಟ್ ತೊಳೆಯುತ್ತಿದ್ದಳು. ಕಾರು ಹಿಂದಕ್ಕೆ ಬಂತು. "ಬ್ರೇಕ್, ಬ್ರೇಕ್!" ಎಂದು ಬೀಗಣ್ಣ ಕೂಗಿದ. ಭಾಮೈದ ಒತ್ತಿದ್ದು ಬ್ರೇಕನ್ನಲ್ಲ. ಕಾರಿಗೂ ಗೋಡೆಗೂ ನಡುವೆ ಅವಳ ಕಾಲು ಸಿಕ್ಕಿ ಮೂಳೆ ಮುರಿದ ಸದ್ದು ಗೇಟಿನವರೆಗೆ ಕೇಳಿಸಿತು. ಗಾಬರಿಯಲ್ಲಿ ಅವನು ಕಾರನ್ನು ಒಂದು ಗೇಣು ಮುಂದೆ ತಂದು, ಮತ್ತೆ ಹಿಂದಕ್ಕೇ ಗುದ್ದಿದ. ನಲ್ಲಿಯ ನೀರು ಕೆಂಪಾಗಿ ಮೋರಿಗೆ ಹರಿಯಿತು.

ಕಣ್ಣಿನ ಡಾಕ್ಟರು ಓಡಿಬಂದು ತೊಡೆಗೆ ಬಟ್ಟೆ ಬಿಗಿದು ಆಂಬುಲೆನ್ಸ್ ಕರೆಸಿ, ತಾವೇ ಅವಳ ಜೊತೆ ಹತ್ತಿದರು. ಬೀಗಣ್ಣನೂ ಹತ್ತುತ್ತಿದ್ದ. ಅವಳು ಅವನ ಅಂಗಿ ಹಿಡಿದು, "ಬಿಡಬೇಡ ಅವನನ್ನ. ತಪ್ಪಾಯ್ತು ಅನ್ನಿಸು" ಎಂದಳು. ತಿರುಗಿ ನೋಡಿದರೆ, ಕಾರ್ಯದರ್ಶಿ ಒದ್ದೆ ಬಟ್ಟೆಯಿಂದ ಕಾರಿನ ಹಿಂಭಾಗ ಒರೆಸುತ್ತಾ, "ಬೇಗ ಹೊರಗೆ ತಗೊಂಡ್ಹೋಗು" ಎಂದು ಭಾಮೈದನಿಗೆ ಪಿಸುಗುಡುತ್ತಿದ್ದ. ಬೀಗಣ್ಣನ ಪಿತ್ತ ನೆತ್ತಿಗೇರಿತು. ಓಡಿಹೋಗಿ ಬೀಗ ತಂದು ಮುಂದಿನ ಚಕ್ರಕ್ಕೆ ಜಡಿದ.

"ಕೀ ಕೊಡೋ," ಎಂದ ಕಾರ್ಯದರ್ಶಿ. "ಇದು ನಮ್ಮ ಕಾಂಪೌಂಡು, ಇಲ್ಲಿ ಕೇಸೂ ಆಗಲ್ಲ, ಗೀಸೂ ಆಗಲ್ಲ. ಗೇಟಿನೊಳಗೆ ನಮ್ಮ ಕಾನೂನು ಅಂತ ನೀನೇ ಹೇಳ್ತಿದ್ದೆಯಲ್ಲ?"

ಮುಂದೆ ಬಿದ್ದ ಯಾವ ಏಟೂ ಆ ಮಾತಿನಷ್ಟು ಆಳಕ್ಕೆ ಹೋಗಲಿಲ್ಲ. ಬೀಗಣ್ಣ ಕೀಯನ್ನು ಮೋರಿಯ ಕಿಂಡಿಯೊಳಕ್ಕೆ ಎಸೆದ. ಭಾಮೈದ ಡಿಕ್ಕಿಯಿಂದ ಚಕ್ರ ಬಿಚ್ಚುವ ಕಬ್ಬಿಣದ ಸ್ಪ್ಯಾನರ್ ಎಳೆದು ಬೀಸಿದ. ಬೀಗಣ್ಣನ ಬಲಗೈಯ ಮೂರು ಬೆರಳು ಅಲ್ಲೇ ಮುರಿದವು. ಬೀಗಣ್ಣ ಕಾರ್ಯದರ್ಶಿಯ ಮುಂಗೈಗೆ ಬಾಯಿ ಹಾಕಿ ರಕ್ತ ಬರುವವರೆಗೆ ಕಚ್ಚಿದ, ಭಾಮೈದನ ಮೂಗಿಗೆ ತಲೆಯಿಂದ ಗುದ್ದಿದ. ಇಬ್ಬರೂ ಸೇರಿ ಅವನನ್ನು ನೆಲಕ್ಕೆ ಕೆಡವಿ ಪಕ್ಕೆಲುಬಿಗೆ ಒದ್ದರು. ಅವನು ಆ ಚಕ್ರವನ್ನು ಅಪ್ಪಿ ಹಿಡಿದು ಬಿದ್ದುಕೊಂಡ. ಔಷಧಿ ಅಂಗಡಿಯವನು ಫೋನ್ ಮಾಡಿ ಕರೆಸಿದ ಪೊಲೀಸರು ಬರುವವರೆಗೂ ಕೈ ಬಿಡಲಿಲ್ಲ.

ಬಂದವರು ಒಬ್ಬ ಸಬ್ ಇನ್‌ಸ್ಪೆಕ್ಟರಮ್ಮ. ಕಾರ್ಯದರ್ಶಿ ಬೋರ್ಡು ತೋರಿಸಿದ. "ಖಾಸಗಿ ಜಾಗ ಮೇಡಂ. ಹೊರಗಿನ ಒಂದು ನರಪಿಳ್ಳೆನೂ ಒಳಗೆ ಬರಲ್ಲ."

ಆಕೆ ಬೀಗಣ್ಣನತ್ತ ತಿರುಗಿದರು. "ಹೌದೇನಪ್ಪಾ? ಜನ ಬಂದು ಹೋಗೋ ಜಾಗ ಆದ್ರೆ, ಗೋಡೆ ಯಾರದ್ದಾದ್ರೂ ಇಲ್ಲಿ ರಸ್ತೆ ಕಾನೂನೇ ನಡಿಯೋದು. ಯಾರೂ ಬರಲ್ಲ ಅಂದ್ರೆ ಇವರ ವಕೀಲರು ಕೇಸನ್ನ ಎಳೆದು ಎಳೆದು ಸಾಯಿಸ್ತಾರೆ."

ಬೀಗಣ್ಣ ಗೋಡೆ ಹಿಡಿದುಕೊಂಡು ತನ್ನ ಕೋಣೆಗೆ ಹೋಗಿ ಒಂಬತ್ತೂ ಪುಸ್ತಕ ಎದೆಗೊತ್ತಿಕೊಂಡು ಬಂದ. ಪುಟಪುಟಕ್ಕೂ ಹೊರಗಿನವರ ಗಾಡಿ ನಂಬರು, ಹೊತ್ತು, ಸಹಿ. ಹನ್ನೊಂದು ವರ್ಷ, ಒಂದು ದಿನವೂ ಬಿಡದೆ ಜನ ಬಂದಿದ್ದರು. ಕಾರ್ಯದರ್ಶಿ ಬೋರ್ಡಿನತ್ತ ಚಾಚಿದ್ದ ಕೈ ಇಳಿಸಿದ.

"ಇಷ್ಟು ಸಾಕು," ಎಂದು ಆಕೆ ಪುಸ್ತಕ ಮುಚ್ಚಿದರು. "ಆದ್ರೆ ಕೇಳು. ಆ ಗಾಡಿಯವರಿಗೆ ಹೊರಗೆ ಹೋಗಿ ಅನ್ನಬಹುದಿತ್ತು, ನಮ್ಮನ್ನ ಕರೀಬಹುದಿತ್ತು. ಬೇರೆಯವರ ಗಾಡಿ ಕಟ್ಟಿಹಾಕಿ ಹೊಡೆಯೋಕೆ ನಿಂಗ್ಯಾರು ಅಧಿಕಾರ ಕೊಟ್ರು? ಲೈಸೆನ್ಸ್ ಇಲ್ದೋನಿಗೆ ಗೇಟು ಹಾಕಿ ಓಡಿಸು ಅಂದಿದ್ದೂ ನೀನೇ ಅಂತೆ. ಈ ಪುಸ್ತಕ ತಗೊಂಡ್ರೆ ನಿನ್ನ ಮೇಲೂ ಬರೀಬೇಕಾಗತ್ತೆ. ಯೋಚನೆ ಮಾಡಿ ಕೊಡು."

"ಬರ್ಕೊಳ್ಳಿ ಅಮ್ಮಾ," ಎಂದ ಬೀಗಣ್ಣ. ಬಲಗೈ ಊದಿಕೊಂಡಿತ್ತು. ಎಡಗೈಯಲ್ಲಿ ಸಹಿ ಹಾಕಿದ.

ಭಾಮೈದನನ್ನು ಜೀಪಿಗೆ ಹತ್ತಿಸಿದರು.

ಆಸ್ಪತ್ರೆಯಲ್ಲಿ ಹೆಂಡತಿಗೆ ಎಚ್ಚರವಾದದ್ದು ಮರುದಿನ ಮಧ್ಯಾಹ್ನ. ಹೊದಿಕೆಯ ಕೆಳಗೆ ಬಲಗಾಲು ಮಂಡಿಯವರೆಗೆ ಮಾತ್ರ ಇತ್ತು. ಅವಳು ಅದನ್ನು ನೋಡಿದಳು, ಆಮೇಲೆ ಬೆರಳಿಗೆಲ್ಲ ಪಟ್ಟಿ ಸುತ್ತಿಸಿಕೊಂಡು ಕೂತ ಗಂಡನನ್ನು ನೋಡಿದಳು.

"ತಪ್ಪಾಯ್ತು ಅಂದ್ನಾ?"

"ಇಲ್ಲ. ಸ್ಟೇಷನ್ನಿಗೆ ಎಳ್ಕೊಂಡು ಹೋದ್ರು. ನನ್ನ ಮೇಲೂ ಕೇಸಿದೆ." ಎಷ್ಟೋ ಜನರ ಬಾಯಿಂದ ಸಲೀಸಾಗಿ ಹೊರಡಿಸಿದ್ದ ಮಾತು ಈಗ ಅವನ ನಾಲಿಗೆಗೇ ಬರಲೊಲ್ಲದು. "ಓಡಿಸು ಅಂದೋನು ನಾನು ಕಣೇ. ತಪ್ಪಾಯ್ತು."

ಅವಳು ದಿಂಬಿನ ಮೇಲೆ ತಲೆ ಹೊರಳಿಸಿ, ಕಿವಿಯನ್ನು ಅವನ ಮುಂದೆ ಮಾಡಿದಳು.

"ಕೇಳಿಸ್ಲಿಲ್ಲ," ಎಂದಳು.

ಬೀಗಣ್ಣ ಎದ್ದು ನಿಂತು, ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಇನ್ನೊಮ್ಮೆ ಹೇಳಿದ.