ಹಲ್ಲಪ್ಪನ ಮರದ ಮೀನು

ಅವನನ್ನು ಎಲ್ಲರೂ ಹಲ್ಲಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದನ್ನು ನೆನಪಿಟ್ಟುಕೊಂಡಿದ್ದವರು ಕರೆಂಟ್ ಬಿಲ್ಲಿನವರು ಮಾತ್ರ. ಅವನ ಕಸುಬು ಹಲ್ಲು ಕಟ್ಟುವುದು. ಹಾಗೆಂದು ಡಾಕ್ಟರೇನಲ್ಲ. ರೋಗಿಯ ಬಾಯಿ ನೋಡಿ ಅಚ್ಚು ತೆಗೆಯುವುದು ಡಾಕ್ಟರ ಕೆಲಸ. ಆ ಅಚ್ಚಿಗೆ ಸರಿಯಾಗಿ ಹಲ್ಲಿನ ಸೆಟ್ಟು ಮಾಡಿಕೊಡುವುದು ಇವನದು. ಕ್ಲಿನಿಕ್ಕಿನ ಹಿಂದಿನ ಓಣಿಯಲ್ಲಿ, ಟೈಲರ್ ಅಂಗಡಿಯ ಮೇಲಿನ ಉದ್ದನೆಯ ಕೋಣೆಯೇ ಅವನ ಕಾರ್ಖಾನೆ. ಒಳಗೆ ಕಾಲಿಟ್ಟರೆ ಕಾದ ಮೇಣದ ವಾಸನೆ, ಉಜ್ಜುವ ಚಕ್ರದ ಗುಂಯ್ ಎನ್ನುವ ಸದ್ದು. ಗೋಡೆಯ ಹಲಗೆಗಳ ಮೇಲೆ ಬೆಳ್ಳಗಿನ ಪ್ಲಾಸ್ಟರ್ ದವಡೆಗಳು ಸಾಲಾಗಿ, ಯಾರೋ ಹೇಳಿದ ಜೋಕಿಗೆ ನಗಲು ಕಾದಂತೆ ಬಾಯಿ ತೆರೆದು ಕುಳಿತಿರುತ್ತಿದ್ದವು.

ಹತ್ತಿರಹತ್ತಿರ ಮೂವತ್ತು ವರ್ಷ ಅವನು ಆ ಕೋಣೆಯಲ್ಲಿ ದುಡಿದ. ಅಚ್ಚು ಒಂದು ಡಬ್ಬಿಯಲ್ಲಿ ಬರುತ್ತಿತ್ತು, ಹಲ್ಲು ಅದೇ ಡಬ್ಬಿಯಲ್ಲಿ ಹೋಗುತ್ತಿತ್ತು. ಅದನ್ನು ಹಾಕಿಕೊಂಡವರು ಯಾರು, ಏನು ತಿಂದರು, ಏನು ಮಾತಾಡಿದರು ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ಕೇಳುವ ಸ್ವಭಾವವೂ ಅವನದಲ್ಲ. ಮೊದಲಿನಿಂದಲೂ ಅಳೆದು ತೂಗಿ ಮಾತಾಡುವವನು. ಅಳೆದದ್ದೇ ಹೆಚ್ಚು, ಆಡಿದ್ದು ಕಡಿಮೆ. “ಊರಿಗೆಲ್ಲ ಹಲ್ಲು ಕೊಟ್ಟವನು ತಾನು ಮಾತ್ರ ಹಲ್ಲು ಬಿಡಲ್ಲ” ಎಂದು ಅವನ ಅಕ್ಕ ಸಿಕ್ಕವರ ಮುಂದೆಲ್ಲ ಹೇಳುತ್ತಿದ್ದಳು.

ಈ ಅಕ್ಕ ಅವನಿಗಿಂತ ಬಹಳ ದೊಡ್ಡವಳು. ತಾಯಿ ಹೋದ ಮೇಲೆ ತಮ್ಮನನ್ನು ಸಾಕಿದವಳು, ಗಂಡ ಹೋದ ಮೇಲೆ ತಮ್ಮನ ಮನೆಗೇ ಬಂದವಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಳಾಗಿದ್ದಳು. ಇಡೀ ಊರಿನ ಮಾತಿಗೆ ತಂತಿ ಜೋಡಿಸಿದ ಅವಳಿಂದ ಒಡಹುಟ್ಟಿದವನ ಬಾಯಲ್ಲಿ ನಾಲ್ಕು ಮಾತು ಹೊರಡಿಸಲಾಗಲಿಲ್ಲ. ಅವನ ಮದುವೆಗೆಂದು ಒಂದು ಕಾಲದಲ್ಲಿ ಸಂಬಂಧಗಳನ್ನೂ ತಂದಿದ್ದಳು. ಅವನು ಹೋಗಿ ಕೂರುತ್ತಿದ್ದ, ಟೀ ಕುಡಿಯುತ್ತಿದ್ದ, ಎದ್ದು ಬರುತ್ತಿದ್ದ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕೊನೆಗೆ ಅವಳೇ ಸಾಕಾಗಿ ಕೈಬಿಟ್ಟಳು.

ಅವನಿಗೆ ಇದ್ದ ಒಂದೇ ಹುಚ್ಚು ಮೀನು ಹಿಡಿಯುವುದು. ರಜೆಯ ದಿನ ಬೆಳಗಾಗುವುದರೊಳಗೆ ಸೈಕಲ್ಲಿಗೆ ಗಾಳದ ಕೋಲು ಕಟ್ಟಿಕೊಂಡು ಊರಾಚೆಯ ಕೆರೆಗೆ ಹೋಗುತ್ತಿದ್ದ. ಏರಿಯ ಕಲ್ಲಿನ ಮೇಲೆ ಕುಳಿತು, ಕೊಕ್ಕೆಗೆ ಎರೆಹುಳು ಸಿಕ್ಕಿಸಿ, ಬೆಂಡು ತೇಲಬಿಟ್ಟು, ಬಿಸಿಲು ನೆತ್ತಿಗೆ ಬರುವವರೆಗೂ ನೀರನ್ನೇ ನೋಡುತ್ತಿದ್ದ. ಹೆಚ್ಚು ಸಲ ಬರಿಗೈಯಲ್ಲಿ ಮರಳುತ್ತಿದ್ದ. ಮೀನಿನಂಗಡಿಯವನು ಇವನನ್ನು ಕಂಡರೆ ತಕ್ಕಡಿ ಸರಿಮಾಡಿಕೊಳ್ಳುತ್ತಿದ್ದ.

ಹಾಗೆ ನೋಡುತ್ತಾ ಕೂತಾಗ ಅವನು ಒಂದು ಸಂಗತಿ ಗಮನಿಸಿದ. ಜೊಂಡಿನ ಹತ್ತಿರ ಒಂಟಿ ಮೀನೊಂದು ಸುಮ್ಮನೆ ಸುಳಿದಾಡಿದರೆ, ಸ್ವಲ್ಪ ಹೊತ್ತಿಗೆ ಅಲ್ಲಿಗೆ ಇನ್ನೊಂದು ಬರುತ್ತಿತ್ತು. ಮೊದಲನೆಯದಕ್ಕೆ ಏನೋ ಸಿಕ್ಕಿರಬೇಕೆಂಬ ಆಸೆಗೆ ಕೆಲವು, ತನ್ನ ಜಾಗಕ್ಕೆ ಬಂದಿತೆಂಬ ಸಿಟ್ಟಿಗೆ ಕೆಲವು. ಮನುಷ್ಯರೂ ಅಷ್ಟೇ, ಖಾಲಿ ಅಂಗಡಿಗೆ ಯಾರೂ ಹೋಗುವುದಿಲ್ಲ. ಇದನ್ನು ಕೆರೆ ಕಾಯುವ ಮುದುಕನಿಗೆ ಹೇಳಿದಾಗ ಅವನು, ತನ್ನ ತಾತ ಮರದ ಮೀನೊಂದನ್ನು ದಾರಕ್ಕೆ ಕಟ್ಟಿ ನೀರಲ್ಲಿ ಆಡಿಸುತ್ತಿದ್ದನೆಂದೂ, ಅದಕ್ಕೆ ಕರೆಮೀನು ಅನ್ನುತ್ತಿದ್ದರೆಂದೂ ತಿಳಿಸಿದ. ಅದಕ್ಕೆ ಕೊಕ್ಕೆ ಇರುವುದಿಲ್ಲ. ಬೇರೆ ಮೀನುಗಳನ್ನು ಹತ್ತಿರಕ್ಕೆ ಕರೆಯುವುದಷ್ಟೇ ಅದರ ಕೆಲಸ. ಹಿಡಿಯುವುದಕ್ಕೆ ಪಕ್ಕದಲ್ಲಿ ಗಾಳ ಇದ್ದೇ ಇರುತ್ತದೆ.

ಹಲ್ಲಪ್ಪನ ತಲೆಗೆ ಹುಳ ಹೊಕ್ಕಿತು. ಹಗುರವಾದ ಮರದ ತುಂಡನ್ನು ಕೆತ್ತಿದ. ಬಾಲಕ್ಕೆ ತಗಡು ಬಡಿದ. ಮೊದಲನೆಯ ಮೀನು ಬಚ್ಚಲಿನ ಬಕೆಟ್ಟಿನಲ್ಲೇ ಹೊಟ್ಟೆ ಮೇಲೆ ಮಾಡಿ ತೇಲಿತು. ಸತ್ತ ಮೀನಿನ ಕರೆಗೆ ಯಾವ ಮೀನು ಓಗೊಟ್ಟೀತು? ಎರಡನೆಯದರ ಹೊಟ್ಟೆ ಕೊರೆದು ಸೀಸ ತುಂಬಿದ. ಅದು ಕಲ್ಲಿನಂತೆ ಮುಳುಗಿತು. ಸೀಸವನ್ನು ಚೂರು ಚೂರೇ ತೆಗೆಯುತ್ತಾ, ಬಾಲವನ್ನು ಕೂದಲೆಳೆಯಷ್ಟು ಬಾಗಿಸುತ್ತಾ ಹೋದ. ದಾರ ಎಳೆದು ಬಿಟ್ಟರೆ ಮೀನು ಮೈ ಬಳುಕಿಸಿ ಒಂದು ಸುತ್ತು ಹೊಡೆಯಬೇಕು. ಬಕೆಟ್ಟಿಗಾಗಿ ಅಕ್ಕ ದಿನವೂ ಕಾಯಬೇಕಾಯಿತು. ಮೈಗೆ ಬಣ್ಣ ಬಳಿದು, ಹಲ್ಲಿಗೆ ಹಚ್ಚುವ ಪಾಲಿಷ್ ಹಚ್ಚಿ ಚಕ್ರದಲ್ಲಿ ಉಜ್ಜಿದ. ಕಿವಿರಿನ ಕೆಂಪಿಗೆ ಬೇರೇನೂ ತೋಚದೆ, ಸೆಟ್ಟಿನ ವಸಡಿಗೆ ಬಳಸುವ ಗುಲಾಬಿ ಬಣ್ಣದ ಪುಡಿಯನ್ನೇ ಕಲಸಿ ತುಂಬಿದ.

ಅಕ್ಕ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. “ಜನಕ್ಕೆ ಕಟ್ಟಿದ್ದಾಯ್ತು, ಇನ್ನು ಮೀನಿಗೂ ಹಲ್ಲು ಕಟ್ತೀಯೇನೋ?”

ಕರೆಮೀನು ಕೆಲಸ ಮಾಡಿತು. ಮನೆಗೆ ಮೀನು ಬರತೊಡಗಿತು. ಒಂದೆರಡು ಸಲ ಪಕ್ಕದ ಮನೆಗೂ ಹೋಯಿತು. ಹೀಗೇ ಒಂದು ಬೆಳಿಗ್ಗೆ ಅವನು ಕರೆಮೀನನ್ನು ಆಡಿಸುತ್ತಿದ್ದಾಗ, ಕೆಳಗಿನಿಂದ ದೊಡ್ಡದೇನೋ ಬಂದು ಅದಕ್ಕೇ ಬಾಯಿ ಹಾಕಿತು. ದಾರ ತುಂಡಾಯಿತು. ಮರವೆಂದು ತಿಳಿದ ಮೇಲೆ ಅದು ಉಗುಳಿ ಹೋಯಿತೋ ಏನೋ, ಕರೆಮೀನು ದೂರದಲ್ಲಿ ಮೇಲಕ್ಕೆ ಬಂದಿತು. ಹೊಟ್ಟೆಯ ಸೀಸ ಅರ್ಧ ಉದುರಿದ್ದರಿಂದ ಮುಳುಗದೆ, ನೀರಿನ ಮೇಲ್ಮೈಯ ಕೆಳಗೇ ನಿಂತು, ಗಾಳಿ ತಳ್ಳಿದತ್ತ ಆಚೆ ದಡಕ್ಕೆ ಸಾಗಿತು. ಅವನಿಗೆ ಈಜು ಬರುತ್ತಿರಲಿಲ್ಲ. ಹೋಯಿತು ಎಂದುಕೊಂಡು, ಕೋಲು ಮಾತ್ರ ಹಿಡಿದು ಕುಳಿತ.

ಬಿಸಿಲೇರುವ ಹೊತ್ತಿಗೆ ಏರಿಯ ಮೇಲೆ ಒಬ್ಬ ಹೆಂಗಸು ದಾಪುಗಾಲು ಹಾಕುತ್ತಾ ಬಂದಳು. ಇವನ ವಯಸ್ಸಿನವಳೇ. ತಲೆಗೆ ಗಂಡಸರ ಟೋಪಿ, ಒಂದು ಕೈಯಲ್ಲಿ ಗಾಳದ ಕೋಲು, ಇನ್ನೊಂದರಲ್ಲಿ ಕರೆಮೀನು. ಆಚೆ ದಡದಲ್ಲಿ ಆಗಾಗ ಕಾಣುತ್ತಿದ್ದ ಆ ಟೋಪಿಯನ್ನು ಅವನು ಯಾರೋ ಗಂಡಸಿನದೆಂದೇ ತಿಳಿದಿದ್ದ.

“ಇದು ನಿಮ್ದಾ?” ಎಂದಳು.

ಅವನು ತಲೆಯಾಡಿಸಿದ.

“ಬೆಳಿಗ್ಗೆಯಿಂದ ಇದರ ಮೂತಿ ಮುಂದೆ ಹುಳ ಆಡಿಸ್ತಾ ಇದೀನಿ. ತಿರುಗಿ ಕೂಡ ನೋಡ್ಲಿಲ್ಲ. ಎಂಥಾ ಜಂಬದ ಮೀನಪ್ಪಾ ಅಂದ್ಕೊಂಡೆ. ಕೊನೆಗೆ ಕೊಕ್ಕೆ ಪಕ್ಕೆಗೆ ಸಿಕ್ಕಿ ಎಳೆದ ಮೇಲೇನೇ ಗೊತ್ತಾಗಿದ್ದು.”

ಹಲ್ಲಪ್ಪ ಗಂಭೀರವಾಗಿಯೇ ಇರಬೇಕೆಂದು ನೋಡಿದ, ಆಗಲಿಲ್ಲ. ನಗು ಹೊಟ್ಟೆಯಿಂದ ಎದ್ದು ಬಂದು, ಕಣ್ಣೊರೆಸಿಕೊಳ್ಳುವ ಹಾಗಾಯಿತು. ಹೆಂಗಸು ಸಿಟ್ಟಾಗಲಿಲ್ಲ. ತಾನು ಬಸ್‌ಸ್ಟ್ಯಾಂಡಿನ ಎದುರು ಕನ್ನಡಕದ ಅಂಗಡಿ ಇಟ್ಟಿರುವವಳೆಂದೂ, ಈ ಸುದ್ದಿ ಹೊರಗೆ ಹೋದರೆ ತನ್ನ ಹತ್ತಿರ ಯಾರೂ ಕನ್ನಡಕ ಕೊಳ್ಳುವುದಿಲ್ಲವೆಂದೂ ಹೇಳಿ, ಅವನ ಪಕ್ಕದ ಕಲ್ಲಿನ ಮೇಲೆ ಕುಳಿತಳು. ಕರೆಮೀನನ್ನು ಹಿಂದಿರುಗಿಸುವ ಮುಂಚೆ ಇನ್ನೊಮ್ಮೆ ಕಣ್ಣ ಹತ್ತಿರ ಹಿಡಿದಳು. ಅವಳ ಬೆರಳು ಕಿವಿರಿನ ಮೇಲೆ ನಿಂತಿತು.

“ಈ ಬಣ್ಣ ಎಲ್ಲೋ ನೋಡಿದೀನಿ” ಎಂದಳು. ಮೀನನ್ನು ಬಿಸಿಲಿಗೆ ಹಿಡಿದು, “ನಮ್ಮಪ್ಪನ ಹಲ್ಲಿನ ಸೆಟ್ಟು. ಅವರ ಮಂಚದ ಪಕ್ಕ ಲೋಟದ ನೀರಲ್ಲಿ ಇರ್ತಿತ್ತು.”

ತನ್ನ ಕಸುಬು ಅದೇ ಎಂದು ಹಲ್ಲಪ್ಪ ಹೇಳಿದ. ಯಾವ ಡಾಕ್ಟರು ಎಂದು ಕೇಳಿದ. ಅವಳು ಹೇಳಿದ್ದು ಇವನಿಗೆ ಡಬ್ಬಿ ಕಳಿಸುವ ಡಾಕ್ಟರ ಹೆಸರನ್ನೇ. ಅವನು ಬೆಂಡನ್ನು ಮರೆತು ಅವಳತ್ತ ತಿರುಗಿದ.

“ಅವರ ಕೆಳದವಡೆ ಎಡಗಡೆ ಸ್ವಲ್ಪ ತಗ್ಗಾಗಿತ್ತಾ?”

“ಹೂಂ. ಚಿಕ್ಕಂದಿನಲ್ಲಿ ಮರದಿಂದ ಬಿದ್ದಿದ್ರಂತೆ.”

“ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಬಿಡಬೇಕು ಅಂತ ಹಟ ಹಿಡಿದಿದ್ದು ಅವರೇನಾ?”

ಅವಳು ಹೌದೆಂದು ತಲೆಯಾಡಿಸಿದಳು. ಹಲ್ಲಪ್ಪ ಎಂದೂ ಮಾತಾಡದಷ್ಟು ಮಾತಾಡಿದ. ದುಡ್ಡು ಕೊಟ್ಟು ಹಲ್ಲು ಕಟ್ಟಿಸಿಕೊಳ್ಳುವವರೆಲ್ಲ ಮುತ್ತು ಪೋಣಿಸಿದಂತೆ ಇರಲಿ ಎನ್ನುತ್ತಾರೆ, ಸಂದಿ ಬೇಕೆಂದವರು ಅವರೊಬ್ಬರೇ. ತಾನು ಸಂದಿ ಮುಚ್ಚಿ ಕಳಿಸಿದ್ದು ವಾಪಸ್ ಬಂತು. ಸ್ವಲ್ಪ ಬಿಟ್ಟು ಕಳಿಸಿದ್ದೂ ಸಾಲದೆಂದು ಮತ್ತೆ ವಾಪಸ್ ಬಂತು. ಡಾಕ್ಟರಿಗೂ ಕಾರಣ ತಿಳಿಯದು. ಈ ಮನುಷ್ಯ ಯಾರಿರಬಹುದು, ಆ ಸಂದಿಯಲ್ಲಿ ಅವರಿಗೆ ಏನು ಕೆಲಸ ಎಂದು ತಾನು ಎಷ್ಟೋ ಸಲ ಯೋಚಿಸಿದ್ದುಂಟು.

“ಸಿಳ್ಳೆ ಹಾಕೋಕೆ” ಎಂದಳು ಅವಳು. “ಅಪ್ಪ ರೈಲ್ವೆ ಯಾರ್ಡಿನಲ್ಲಿದ್ರು. ಮನೆ ತಿರುವು ಬಂದ ತಕ್ಷಣ ಸಿಳ್ಳೆ ಹಾಕೋರು, ಅಮ್ಮ ಒಲೆ ಮೇಲೆ ನೀರಿಡೋಳು. ಹಲ್ಲು ಹೋದ ಮೇಲೆ ಬರೀ ಗಾಳಿ ಬರ್ತಿತ್ತು. ಮಂಕಾಗಿಬಿಟ್ಟಿದ್ರು.”

“ನಾನು ಕಟ್ಟಿದ್ರಲ್ಲಿ ಬಂತಾ?” ಅವನ ದನಿ ಸಣ್ಣಗಾಗಿತ್ತು.

“ಬಂತು. ತೀರಿಕೊಂಡ ವಾರದ ತನಕ ಸಿಳ್ಳೆ ಹಾಕ್ತಿದ್ರು.”

ಅಷ್ಟು ವರ್ಷ ಆ ಕೋಣೆಯಿಂದ ಡಬ್ಬಿಗಳಲ್ಲಿ ಹೋದ ಹಲ್ಲುಗಳಲ್ಲಿ ಒಂದರ ಸುದ್ದಿ ಮೊದಲ ಬಾರಿಗೆ ತಿರುಗಿ ಬಂದಿತ್ತು. ಹಲ್ಲಪ್ಪ ನೀರಿನ ಕಡೆ ಮುಖ ಮಾಡಿ ಕುಳಿತ. ಅವನ ಬೆಂಡು ಮುಳುಗಿ ಎದ್ದು, ಹುಳ ತಿಂದ ಮೀನು ಹೋಗಿಯೂ ಆಯಿತು, ಇಬ್ಬರೂ ಗಮನಿಸಲಿಲ್ಲ.

ಮುಂದಿನ ರಜೆಯ ದಿನ ಟೋಪಿ ಈಚೆ ದಡದಲ್ಲೇ ಇತ್ತು. ಗಾಳ ಹಿಡಿಯುವುದನ್ನು ಅವಳಿಗೆ ಅಪ್ಪನೇ ಕಲಿಸಿದ್ದ. ಅವನ ಆರೈಕೆಯಲ್ಲೇ ಅವಳ ಮದುವೆಯ ವಯಸ್ಸು ಕಳೆದಿತ್ತು, ಅದಕ್ಕಾಗಿ ಅವಳು ಕೊರಗುವವಳೂ ಆಗಿರಲಿಲ್ಲ. ಕರೆಮೀನು ಮಾತ್ರ ಅವಳಿಗೆ ಒಪ್ಪಿಗೆಯಾಗಲಿಲ್ಲ. ಅದು ಮೋಸ ಎನ್ನುತ್ತಿದ್ದಳು. ಹುಳದೊಳಗೆ ಕೊಕ್ಕೆ ಬಚ್ಚಿಡುವುದು ಇನ್ನೇನು ಎಂದು ಅವನು ಕೇಳುತ್ತಿದ್ದ. ಹುಳವಾದರೂ ನಿಜವಾದದ್ದು, ತಿನ್ನಬಹುದು ಎಂದು ಅವಳು ವಾದಿಸುತ್ತಿದ್ದಳು. ಆ ವಾದ ಮುಗಿಯುವ ಲಕ್ಷಣ ಇರಲಿಲ್ಲ, ಮುಗಿಸುವ ಆತುರವೂ ಇಬ್ಬರಿಗಿರಲಿಲ್ಲ.

ಮನೆಯಲ್ಲಿ ಅಕ್ಕ ಕಣ್ಣು ಮುಚ್ಚಿ ಕುಳಿತಿರಲಿಲ್ಲ. ಮೀನು ಹಿಡಿಯಲು ಹೋಗುವವನು ತಲೆ ಬಾಚಿಕೊಂಡು ಹೋಗುತ್ತಿದ್ದಾನೆ. ಇಸ್ತ್ರಿ ಮಾಡಿದ ಅಂಗಿ ಬೇಕೆನ್ನುತ್ತಿದ್ದಾನೆ. ಬಚ್ಚಲಲ್ಲಿ ಗುನುಗುತ್ತಾನೆ. ಅವಳು ಕೆರೆ ಕಾಯುವ ಮುದುಕನನ್ನು ವಿಚಾರಿಸಿ, ಒಂದು ಮಧ್ಯಾಹ್ನ ಛತ್ರಿ ಹಿಡಿದು ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಗೆ ಹೋದಳು. ಯಾರೆಂದು ಹೇಳದೆ ಕಣ್ಣು ಪರೀಕ್ಷೆ ಮಾಡಿಸಿಕೊಂಡಳು. ಅಕ್ಷರಗಳ ಪಟ್ಟಿ ಓದುತ್ತಲೇ ಅಂಗಡಿಯವಳ ಊಟ, ನಿದ್ದೆ, ಆರೋಗ್ಯ, ಅಭಿಪ್ರಾಯ ಎಲ್ಲವನ್ನೂ ವಿಚಾರಿಸಿಬಿಟ್ಟಳು. ಸಂಜೆ ಹಲ್ಲಪ್ಪ ಮನೆಗೆ ಬಂದಾಗ ಹೊಸ ಕನ್ನಡಕ ಹಾಕಿಕೊಂಡು ಬಾಗಿಲಲ್ಲೇ ಕುಳಿತಿದ್ದಳು.

“ಕನ್ನಡಕ ಚೆನ್ನಾಗಿದೆ” ಎಂದಳು. “ಹುಡುಗೀನೂ ಚೆನ್ನಾಗಿದ್ದಾಳೆ. ಗಾಳ ಹಾಕಿದ್ದು ನೀನೋ ಅವಳೋ? ಮದುವೆ ಮಾತಾಡ್ಲಾ?”

ಐವತ್ತು ದಾಟಿದ ‘ಹುಡುಗಿ’ಯ ವಿಷಯಕ್ಕೆ ಐವತ್ತು ದಾಟಿದ ತಮ್ಮ ಕಿವಿಯವರೆಗೂ ಕೆಂಪಾದ. ಈ ಸಲ ಹೂಂ ಎಂದ.

ತಮ್ಮನ ಮನೆ ತುಂಬುತ್ತದಲ್ಲಾ ಎಂದು ಅಕ್ಕ ಹಿಗ್ಗಿದಳು, ನಿಜ. ಆದರೆ ಎರಡು ದಿನ ಕಳೆಯುತ್ತಲೇ ಮಾತು ಕಡಿಮೆ ಮಾಡಿದಳು. ಒಂದು ಬೆಳಿಗ್ಗೆ ಹಲ್ಲಪ್ಪ ನೋಡುತ್ತಾನೆ, ತಗಡಿನ ಟ್ರಂಕು ತೆರೆದು ಸೀರೆ ಜೋಡಿಸುತ್ತಿದ್ದಾಳೆ. ಹಳೇ ಎಕ್ಸ್‌ಚೇಂಜಿನ ಗೆಳತಿಯ ಊರಲ್ಲಿ ಬಾಡಿಗೆಗೆ ಕೋಣೆ ಇದೆಯಂತೆ. ಹೊಸ ಸಂಸಾರದಲ್ಲಿ ತಾನು ಅಡ್ಡಗೋಡೆಯಾಗಿ ನಿಲ್ಲುವುದಿಲ್ಲವಂತೆ. ಬೇಡ ಎನ್ನಲು ಅವನು ಬಾಯಿ ತೆರೆದ. ಸಾಕಿದವಳಿಗೆ ಏನು ಹೇಳಬೇಕೆಂದು ತಿಳಿಯದೆ, ಚಪ್ಪಲಿ ಮೆಟ್ಟಿ ನೆಟ್ಟಗೆ ಕನ್ನಡಕದ ಅಂಗಡಿಗೆ ನಡೆದ.

ಅಂಗಡಿಗೆ ಬೀಗ ಹಾಕಿ ಅವಳು ಅವನ ಜೊತೆಗೇ ಬಂದಳು. ಒಳಗೆ ಬಂದವಳೇ ಟ್ರಂಕಿನ ಮುಚ್ಚಳ ಹಾಕಿ, ಅದರ ಮೇಲೆ ಕುಳಿತುಬಿಟ್ಟಳು.

“ಅಕ್ಕಾ, ಇವರು ಆಡೋದು ಬೆಳಿಗ್ಗೆ ನಾಲ್ಕು ಮಾತು, ಸಂಜೆ ನಾಲ್ಕು ಮಾತು. ಅಷ್ಟನ್ನೇ ನಂಬ್ಕೊಂಡು ನಾನು ಈ ಮನೆಗೆ ಹೇಗೆ ಬರ್ಲಿ? ನೀವು ಹೋದ್ರೆ ನಾನು ಬರೋದಿಲ್ಲ.”

ಅಕ್ಕ ಹೊಸ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಮತ್ತೆ ಹಾಕಿಕೊಂಡಳು, ಮತ್ತೆ ತೆಗೆದು ಒರೆಸಿದಳು.

“ಮೇಲೇಳು. ಟ್ರಂಕಿನ ತಗಡು ಬಗ್ಗತ್ತೆ” ಎಂದಳು.

ನೋಟಿಸಿನ ತಿಂಗಳು ಕಳೆಯುತ್ತಲೇ ಮದುವೆ ರಿಜಿಸ್ಟರ್ ಆಯಿತು. ಸಾಕ್ಷಿಗೆ ಅಕ್ಕನೂ ಕೆರೆ ಕಾಯುವ ಮುದುಕನೂ ಕೋಣೆಯ ಕೆಳಗಿನ ಟೈಲರೂ ಸಹಿ ಹಾಕಿದರು. ಹಲ್ಲಪ್ಪ ತನ್ನ ಕೋಣೆಯ ಕೆಲಸವನ್ನೇ ಮುಂದುವರಿಸಿದ. ಒಂದು ವ್ಯತ್ಯಾಸವೆಂದರೆ, ವಾರಕ್ಕೊಮ್ಮೆ ಡಬ್ಬಿಯನ್ನು ತಾನೇ ಕ್ಲಿನಿಕ್ಕಿಗೆ ಒಯ್ದು, ಹಲ್ಲು ಹಾಕಿಕೊಳ್ಳುವವರು ಬರುವತನಕ ಬೆಂಚಿನ ಮೇಲೆ ಕಾಯತೊಡಗಿದ. ಏನು ತಿನ್ನಲು ಇಷ್ಟ ಎಂದು ಅವರನ್ನು ಕೇಳುತ್ತಿದ್ದ. ಡಾಕ್ಟರಿಗೆ ಆಶ್ಚರ್ಯವಾಯಿತು, ಆದರೆ ಬೇಡವೆನ್ನಲಿಲ್ಲ.

ಈಗ ರಜೆಯ ದಿನ ಕೆರೆಗೆ ಹೋಗುವವರು ಮೂವರು. ಗಂಡ ಹೆಂಡತಿ ಸೈಕಲ್ಲಿನಲ್ಲಿ ಮೊದಲು ಹೋಗುತ್ತಾರೆ, ಅಕ್ಕ ಮಡಿಸುವ ಕುರ್ಚಿ ಹಿಡಿದು ಆಟೋದಲ್ಲಿ ಬರುತ್ತಾಳೆ. ಹೆಂಡತಿ ಕರೆಮೀನಿನಿಂದ ದೂರ, ಜೊಂಡಿನ ಆಚೆ ಕೂರುತ್ತಾಳೆ. ಮೋಸದಲ್ಲಿ ತನಗೆ ಪಾಲು ಬೇಡವಂತೆ. ಅಕ್ಕ ಇಬ್ಬರ ನಡುವೆ ಕುರ್ಚಿ ಹಾಕಿಸಿಕೊಂಡು ಅತ್ತ ಒಂದು ಮಾತು, ಇತ್ತ ಒಂದು ಮಾತು ದಾಟಿಸುತ್ತಾಳೆ. ಮಾತಿಗೆ ಮೀನು ಹೆದರುತ್ತದೆ ಎಂದು ಇಬ್ಬರೂ ಹೇಳಿ ಹೇಳಿ ಸೋತಿದ್ದಾರೆ.

ಮೊನ್ನೆ ಹೆಂಡತಿ ಕುರ್ಚಿಯ ಹತ್ತಿರ ಬಂದು ಫ್ಲಾಸ್ಕಿನಿಂದ ಟೀ ಬಗ್ಗಿಸುವಾಗ ತನ್ನ ಕೋಲನ್ನು ಒಂದು ನಿಮಿಷ ಹಿಡಿದುಕೊಂಡಿರಿ ಎಂದು ಅಕ್ಕನ ಕೈಗೆ ಕೊಟ್ಟಳು. ಅಕ್ಕ ಯಾರದೋ ಮನೆಯ ಸುದ್ದಿ ಹೇಳುತ್ತಲೇ ಹಿಡಿದುಕೊಂಡಳು. ಬೆಂಡು ಗುಳುಂ ಎಂದು ಮುಳುಗಿತು. ಗಾಬರಿಯಿಂದ ಅವಳು ಕೋಲನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿದಾಗ, ಅಂಗೈಯಗಲದ ಮೀನೊಂದು ಬಿಸಿಲಲ್ಲಿ ಮಿನುಗುತ್ತಾ ಬಂದು ಅವಳ ಮಡಿಲಲ್ಲೇ ಬಿದ್ದಿತು. ಹಲ್ಲಪ್ಪ ಕೊಕ್ಕೆ ಬಿಡಿಸಿಕೊಟ್ಟ. ಅಕ್ಕ ಮೀನನ್ನು ಅಂಗೈಯಲ್ಲಿ ಹಿಡಿದು, ಕನ್ನಡಕ ಸರಿಮಾಡಿಕೊಂಡು, ಅದರ ಮುಖ ನೋಡಿದಳು.

“ಪಾಪ, ನಾನು ಮಾತಾಡ್ತಾ ಇದ್ದಿದ್ದನ್ನ ಕೇಳೋಕೆ ಬಂದಿದೆ ಕಣೋ” ಎಂದು ಹೇಳಿ, ಬಾಗಿ ಅದನ್ನು ನೀರಿಗೆ ಬಿಟ್ಟಳು. ಆಮೇಲೆ ಟೀ ಲೋಟಕ್ಕೆ ಕೈಚಾಚಿ, ನಿಲ್ಲಿಸಿದ್ದ ಸುದ್ದಿಯನ್ನು ಮುಂದುವರಿಸಿದಳು.