ಕರೆಂಟ್ ಬಿಲ್ಲಿನ ಫೋಲ್ಡರಿನಲ್ಲಿ ಹಸೆ ಹಾಡು

ನಾನು ಒತ್ತುತ್ತಿದ್ದುದು ಕನ್ನಡ, ಸರ್ಚ್ ಪೆಟ್ಟಿಗೆಯಲ್ಲಿ ಮೂಡುತ್ತಿದ್ದುದು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ. ಪಕ್ಕದಲ್ಲಿ ಕೂತಿದ್ದ ನನ್ನ ಸೋದರತ್ತೆ, "ಎಂತದೇ ಕೂಸೆ ಇದು? ಕಂಪ್ಯೂಟರಿಗೂ ಸನ್ನಿ ಹಿಡದ್ದನೇ?" ಎಂದಳು.

ಮರುದಿನ ಮನ್ಮನೆ ಊರಿನಲ್ಲಿ ನನ್ನ ಅಣ್ಣನ ಮಗಳ ಮದುವೆ. ಮದುಮಕ್ಕಳನ್ನು ಹಸೆಮಣೆಗೆ ಕರೆಯುವ ಹಾಡನ್ನು ಅತ್ತೆಯೇ ಹೇಳಬೇಕೆಂದು ಎಲ್ಲರ ಆಸೆ. ಆದರೆ ಅವಳಿಗೆ ಮೊದಲ ಸಾಲಿನ ಮುಂದೆ ಏನೂ ನೆನಪಾಗುತ್ತಿರಲಿಲ್ಲ. ವರ್ಷಗಳ ಹಿಂದೆ ಅವಳು ಹೇಳಿದ್ದ ಹಾಡನ್ನು ನಾನೇ ಟೈಪ್ ಮಾಡಿಟ್ಟಿದ್ದೆ. ಇಸಳೂರಿನ ನಮ್ಮ ಮನೆಯ ಕಂಪ್ಯೂಟರಿನಲ್ಲಿ 'ಹಸೆ' ಎಂದು ಎಷ್ಟು ಹುಡುಕಿದರೂ ಅದು ಸಿಗಲಿಲ್ಲ. ಆಮೇಲೆ ಹೊಳೆಯಿತು. ಆಗ ನಾನು ಕನ್ನಡ ಟೈಪಿಂಗಿಗೆ ಬಳಸಿದ್ದು ಹಳೆಯ 'ನುಡಿ' ತಂತ್ರಾಂಶ. ಅದು ಕನ್ನಡವನ್ನು ಒಳಗೊಳಗೆ ಇಂಗ್ಲಿಷ್ ಅಕ್ಷರಗಳಾಗಿಯೇ ಇಟ್ಟುಕೊಳ್ಳುತ್ತದೆ. ಈಗಿನ ಕನ್ನಡ ಅಕ್ಷರ ಕೊಟ್ಟು ಕರೆದರೆ ಆ ಫೈಲು ಓಗೊಡುವುದಾದರೂ ಹೇಗೆ? ಅದಕ್ಕೇ ಹಳೆಯ 'ನುಡಿ'ಯನ್ನು ತೆರೆದು ಅದೇ ಪದ ಒತ್ತಿದ್ದೆ, ಪೆಟ್ಟಿಗೆ ತುಂಬ ವಕ್ರ ಅಕ್ಷರ ಬಂದಿತ್ತು.

ಒಂದೇ ಒಂದು ಫೈಲು ಮೇಲೆದ್ದು ಬಂತು, ಅದೂ ಕರೆಂಟ್ ಬಿಲ್ಲಿನ ಫೋಲ್ಡರಿನಿಂದ. ನಾನು ಎರಡನೇ ಸಾಲು ಓದುವಷ್ಟರಲ್ಲಿ ಅತ್ತೆ, "ತಡಿಯೇ, ನೆನಪಾತು" ಎಂದು ಕಣ್ಣು ಮುಚ್ಚಿ ಹಾಡತೊಡಗಿದಳು. ಪರದೆಯ ಮೇಲಿನ ಹಾಡು ಮುಗಿಯಿತು, ಅತ್ತೆಯದು ಮುಗಿಯಲಿಲ್ಲ. ನಾನು ಎಂದೂ ಕೇಳಿರದ ಇನ್ನೊಂದು ಚರಣ ಬಂತು. ಅದನ್ನೂ ಕೆಳಗೆ ಸೇರಿಸಿ, ಫೈಲಿಗೆ ಅತ್ತೆಯ ಹೆಸರನ್ನೇ ಇಟ್ಟೆ.

ಮರುದಿನ ಮದುವೆ ಚಪ್ಪರದಲ್ಲಿ ಅತ್ತೆ ಏನನ್ನೂ ನೋಡದೆಯೇ ಹಾಡತೊಡಗಿದಳು, ಅವಳಿಗೆಂದು ಒಯ್ದಿದ್ದ ಪ್ರಿಂಟು ನನ್ನ ಕೈಯಲ್ಲೇ ಉಳಿಯಿತು. ಅದನ್ನು ನೋಡಿಕೊಂಡು, ಹುಟ್ಟಿದ ಮೇಲೆ ಮೊದಲ ಸಲ, ಅವಳ ಜೊತೆ ನಾನೂ ಹಸೆ ಹಾಡು ಹೇಳಿದೆ.