ರಾಷ್ಟ್ರಗೀತೆಯ ಮೂರನೇ ಪಾರ್ಟ್

ಆ ವರ್ಷ ನೆನಪಾದರೆ ಮೊದಲು ಕೇಳಿಸುವುದು ಫುಸ್ ಎನ್ನುವ ಒಂದು ಸದ್ದು. ಕ್ಲಾರಿನೆಟ್‌ನಲ್ಲಿ ಸ್ವರ ಹುಟ್ಟುವ ಮೊದಲೇ ತುಟಿಯ ಬದಿಯಿಂದ ಸೋರಿಹೋಗುವ ಉಸಿರು. ಚಿಕ್ಕೋಡಿಯ ಶಾಲೆಯೊಂದರಲ್ಲಿ ನಾನು ಮ್ಯೂಸಿಕ್ ಟೀಚರ್ ಆಗಿದ್ದ ಕೊನೆಯ ವರ್ಷವದು. ಸ್ವಾತಂತ್ರ್ಯ ದಿನದಂದು ತಾಲ್ಲೂಕು ಮೈದಾನದಲ್ಲಿ ರಾಷ್ಟ್ರಗೀತೆಯನ್ನು ವಾದ್ಯಗಳಲ್ಲಿ ನುಡಿಸಬೇಕು, ಯಾವ ವಾದ್ಯ ಏನು ನುಡಿಸಬೇಕೆಂಬ ಅರೇಂಜ್‌ಮೆಂಟ್ ನೀವೇ ಬರೆದುಕೊಡಿ ಎಂದು ಸಮಾರಂಭದ ಸಮಿತಿಯವರು ಕೇಳಿದ್ದರು.

ಇದ್ದ ವಾದ್ಯಗಳೋ, ದೇವರಿಗೇ ಪ್ರೀತಿ. ನಮ್ಮ ಶಾಲೆಯ ಕೊಳಲು, ಹಾರ್ಮೋನಿಯಂ. ಉಳಿದವು ಹಾರೂಗೇರಿಯ ಮದುವೆ ಬ್ಯಾಂಡಿನವು. ಆ ದಿನ ಯಾರು ಬರುತ್ತಾರೋ, ಯಾರು ಕೈಕೊಡುತ್ತಾರೋ. ಅದಕ್ಕೇ ಫ್ಲೆಕ್ಸಿಬಲ್ ಆಗಿ ಬರೆದೆ. ಅಂದರೆ ನಾಲ್ಕು ಪಾರ್ಟ್‌ಗಳು, ಯಾವುದನ್ನು ಯಾವ ವಾದ್ಯ ಬೇಕಾದರೂ ನುಡಿಸಬಹುದು. ಮೊದಲನೆಯದು ಟ್ಯೂನ್, ಉಳಿದ ಮೂರು ಅದಕ್ಕೆ ಆಸರೆ. ಒಂದು ಆಸರೆ ಬಿದ್ದರೂ ಹಾಡು ಬೀಳಬಾರದು. ಗುಡ್ ಅರೇಂಜ್‌ಮೆಂಟ್ ಯಾರ ಗೈರುಹಾಜರಿಯನ್ನೂ ತೋರಿಸಿಕೊಡುವುದಿಲ್ಲ ಎಂದು ಕಾನ್ವೆಂಟಿನಲ್ಲಿ ನನಗೆ ಪಿಯಾನೊ ಕಲಿಸಿದ ಸಿಸ್ಟರ್ ಹೇಳುತ್ತಿದ್ದರು.

ಬ್ಯಾಂಡಿನ ಮಾಸ್ತರರು ದಸ್ತಗೀರಸಾಬರು. ಎಷ್ಟೋ ವರ್ಷಗಳಿಂದ ಆ ಮೈದಾನದಲ್ಲಿ ಧ್ವಜ ಏರಿದಾಗ ಮೊದಲು ಏಳುತ್ತಿದ್ದುದು ಅವರ ಕ್ಲಾರಿನೆಟ್ಟೇ. ಮದುವೆಗಳಿಗೆ ಡಿಜೆ ಬಂದು ಬ್ಯಾಂಡನ್ನು ಕರೆಯುವವರಿಲ್ಲವಾದ ಮೇಲೆ, ಯೂನಿಫಾರ್ಮ್ ಹಾಕಿಕೊಂಡು ಅವರು ನಿಲ್ಲಬಹುದಾದ ಜಾಗ ಅದೊಂದೇ ಉಳಿದಿತ್ತು. ಆದರೆ ಮೇಲಿನ ಮುಂದಿನ ಹಲ್ಲುಗಳು ಹೋಗಿದ್ದವು. ಕ್ಲಾರಿನೆಟ್ ಆತುಕೊಳ್ಳುವುದು ಅವಕ್ಕೇ. ಕಟ್ಟಿಸಿದ ಹಲ್ಲು ಊದಿದರೆ ಕದಲುತ್ತಿತ್ತು.

ಸಮಾರಂಭದ ಹಿಂದಿನ ದಿನದ ರಿಹರ್ಸಲ್‌ನಲ್ಲಿ ಸಾಬರು ಎತ್ತರದ ಸ್ವರ ಹತ್ತಲಾಗದೆ ನಿಂತುಬಿಟ್ಟರು. ಇಡೀ ಬ್ಯಾಂಡು ನಿಂತಿತು. ಟ್ಯೂನನ್ನು ಅವರ ಅಣ್ಣನ ಮಗ ಮೆಹಬೂಬನ ಟ್ರಂಪೆಟ್‌ಗೆ ಕೊಟ್ಟು, ಸಾಬರಿಗೆ ಕೆಳಗಿನ ಸ್ವರಗಳ ಮೂರನೇ ಪಾರ್ಟ್ ಕೊಟ್ಟೆ. ಅದರಲ್ಲೂ ಉಸಿರು ಸೋರಿತು, ಕ್ಲಾರಿನೆಟ್ ಇಳಿಸಿದರು. ಮತ್ತೆ ಎಲ್ಲರ ವಾದ್ಯವೂ ಇಳಿಯಿತು. ಮದುವೆ ಬ್ಯಾಂಡಿನ ರೂಢಿಯೇ ಅದು. ಮದುಮಗ ಕುದುರೆ ಇಳಿದ ಕೂಡಲೇ ಮಾಸ್ತರರ ಕ್ಲಾರಿನೆಟ್ ಇಳಿಯುತ್ತದೆ, ಅದನ್ನು ನೋಡಿ ಎಲ್ಲರೂ ಗಪ್ಪಾಗುತ್ತಾರೆ.

‘ಚಾಚಾ ಇಳಿಸಿದ್ರ ನಮ್ಮ ಬಾಯಿ ತಾನ ಬಂದ್ ಆಗ್ತಾವ್ರಿ ಅಕ್ಕೋರ,’ ಎಂದ ಮೆಹಬೂಬ.

‘ಉಂಬಾಕ ಕುಂತಾಗ ಮಾತ್ರ ಆಗೂದಿಲ್ಲ ನೋಡಲೇ,’ ಎಂದರು ಸಾಬರು. ಬ್ಯಾಂಡಿನವರೆಲ್ಲ ನಕ್ಕರು. ಸಮಿತಿಯ ಮುಖ್ಯಸ್ಥರು ನಗಲಿಲ್ಲ.

‘ನಾಳೆ ಹಿಂಗ ನಡುವ ನಿಂತ್ರ ಮರ್ಯಾದಿ ಹೋಗ್ತೈತ್ರಿ ಮೇಡಂ. ಆ ಮುದುಕನ್ನ ಬಿಡ್ರಿ, ಇಲ್ಲಾಂದ್ರ ಸ್ಪೀಕರ್‌ನ್ಯಾಗ ಹಾಕೇಬಿಡ್ತೀವಿ.’

ಸಾಬರನ್ನು ಬದಿಗೆ ಕರೆದು, ಮುಂದೆ ಕುರ್ಚಿ ಹಾಕಿಸುತ್ತೇನೆ, ನಾಳೆ ಒಂದು ದಿನ ರೆಸ್ಟ್ ತಗೊಳ್ಳಿ ಎಂದೆ.

‘ನಾ ಕುರ್ಚಿ ಮ್ಯಾಲ ಕುಂತ್ರ ಇವ್ರು ನನ್ನ ಮಾರಿ ನೋಡ್ಕೋಂತ ಸುರೂನ ಮಾಡಂಗಿಲ್ರಿ. ಸಾಲಿನ್ಯಾಗ ನಿಂದರ್ತೀನಿ. ನಡುವ ನಿಲ್ಲಂಗಿಲ್ಲ, ಅದು ನನ್ನ ಜವಾಬ್ದಾರಿ.’

ಸಮಿತಿಗೆ ಅದೇ ಮಾತು ಕೊಟ್ಟೆ.

ಮರುದಿನ ಧ್ವಜ ಏರಿತು. ಸಾಬರು ಕ್ಲಾರಿನೆಟ್ ಎತ್ತಿದರು, ಬ್ಯಾಂಡು ಎದ್ದಿತು. ಐವತ್ತೆರಡು ಸೆಕೆಂಡು, ಎಲ್ಲೂ ನಿಲ್ಲಲಿಲ್ಲ. ಕೈಯಲ್ಲಿ ಬೀಟ್ ಕೊಡುತ್ತಲೇ ಮೂರನೇ ಪಾರ್ಟ್‌ಗಾಗಿ ಕಿವಿಗೊಟ್ಟೆ. ಇರಲಿಲ್ಲ. ಆ ಫುಸ್ ಕೂಡ ಇರಲಿಲ್ಲ. ವಾದ್ಯ ತುಟಿಯ ಮೇಲಿತ್ತು, ಬೆರಳುಗಳು ಆಡುತ್ತಿದ್ದವು, ಕತ್ತಿನ ನರ ಮಾತ್ರ ಉಬ್ಬಿರಲಿಲ್ಲ. ಕೊನೆಯ ಸ್ವರ ಮುಗಿದ ಮೇಲೆಯೇ ಇಳಿಸಿದರು.

‘ಏನೂ ಕಮ್ಮಿ ಅನಸಲಿಲ್ರಿ ಮೇಡಂ,’ ಎಂದು ಮುಖ್ಯಸ್ಥರು ಮೆಚ್ಚಿದರು.

ಯಾರಿಲ್ಲದಿದ್ದರೂ ನಡೆಯುವಂತೆ ಬರೆಯುವುದೇ ಜಾಣ್ಮೆ ಎಂದು ಸರ್ವೀಸ್ ಉದ್ದಕ್ಕೂ ನಂಬಿದ್ದೆ. ಹಾಗೆ ಇಲ್ಲದವರಾಗಿ ಸಾಲಿನಲ್ಲಿ ನಿಲ್ಲುವುದು ಹೇಗಿರುತ್ತದೆಂದು ಆ ದಿನದವರೆಗೆ ಯೋಚಿಸಿರಲಿಲ್ಲ.

ಸಾಬರನ್ನು ಕೊನೆಯ ಸಲ ಕಂಡದ್ದು ಅಂದೇ, ಬಸ್ ಸ್ಟ್ಯಾಂಡಿನಲ್ಲಿ. ಹಾರೂಗೇರಿ ಬಸ್ಸಿಗೆ ಕಾಯುತ್ತಾ ಅವರು ಕ್ಲಾರಿನೆಟ್ ಬಿಚ್ಚಿದರು. ನುಡಿಸಿದ ಮೇಲೆ ಒಳಗಿನ ಉಸಿರಿನ ಪಸೆ ಒರೆಸಿಡುವುದು ಅವರ ರೂಢಿ. ಬಟ್ಟೆ ತೂರಿಸಿ ಎಳೆದರು. ಒಣಗಿದ್ದ ಹಾಗೇ ಹೊರಬಂತು. ಅದನ್ನೊಮ್ಮೆ ನೋಡಿ, ಮಡಚಿ ಜೇಬಿನಲ್ಲಿಟ್ಟುಕೊಂಡು, ‘ಬರ್ತೀನ್ರಿ ಅಕ್ಕೋರ’ ಎಂದು ಬಸ್ ಹತ್ತಿದರು.